ರಾಖಿಗೆ ದಾರಿ ಬಿಡಿ, ರೈಲು ನಿಲ್ಲಲಿ

2026ರ ಬಜೆಟ್ಟಿನಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಸಾಲಿತ್ತು. ಸ್ವಂತ ಬಳಕೆಗೆಂದು ವಿದೇಶದಿಂದ ತರಿಸಿಕೊಳ್ಳುವ ವಸ್ತುಗಳ ಮೇಲಿನ ಸುಂಕ ಶೇ 20ರಿಂದ ಶೇ 10ಕ್ಕೆ ಇಳಿಯಲಿದೆ ಎಂಬ ಸಾಲು. ಆದಾಯ ತೆರಿಗೆಯಲ್ಲಿ ತಮಗೇನು ಸಿಕ್ಕಿತು ಎಂದು ಹುಡುಕುತ್ತಿದ್ದ ಮಂದಿ ಅದನ್ನು ದಾಟಿಕೊಂಡು ಹೋದರು. ಆದರೆ ಈ ನಾಡಿನಲ್ಲಿ ಫೌಂಟನ್ ಪೆನ್ನು, ಗ್ರಾಮಫೋನ್ ತಟ್ಟೆ, ಪುಟಾಣಿ ಕಾರು, ಹಳೆಯ ಕ್ಯಾಮೆರಾ ಎಂದು ಏನನ್ನಾದರೂ ಕೂಡಿಡುವ ಒಂದು ಸಣ್ಣ ಪಂಗಡವಿದೆ. ಮನೆಯವರ ಬೈಗುಳದ ನಡುವೆಯೇ ಬದುಕುವ ಈ ಪಂಗಡ ಆ ಸಾಲನ್ನು ಕತ್ತರಿಸಿ ಇಟ್ಟುಕೊಂಡಿದೆ.

ಹೊಗಳಲೇಬೇಕು, ಹೊಗಳುತ್ತೇನೆ. ಏಕೆಂದರೆ 2025ರ ಬಜೆಟ್ಟಿನವರೆಗೂ ಈ ಸುಂಕ ಶೇ 35 ಇತ್ತು. ಆ ಸುಂಕದ ಮೇಲೆ ಅದರ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜ್. ಎರಡನ್ನೂ ವಸ್ತುವಿನ ಬೆಲೆಗೆ ಕೂಡಿಸಿ, ಬಂದ ಮೊತ್ತದ ಮೇಲೆ ಶೇ 28ರ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. ಎಲ್ಲ ಸೇರಿದರೆ ಶೇ 77.28. ಆ ಪಾಯಿಂಟ್ ಎರಡು ಎಂಟನ್ನು ಗಮನಿಸಿ. ಎಪ್ಪತ್ತೇಳು ಎಂದು ಕಿತ್ತುಕೊಳ್ಳಬಹುದಿತ್ತು, ಎಂಬತ್ತು ಎಂದು ಬಾಚಿಕೊಳ್ಳಬಹುದಿತ್ತು. ಇಲ್ಲ, ಪೈಸೆಯ ಲೆಕ್ಕದಲ್ಲಿ ಸುಲಿಯುವ ಸಭ್ಯತೆ ನಮ್ಮದು. ಇಷ್ಟಕ್ಕೂ ‘ಬೆಲೆ’ ಎಂದರೆ ನೀವು ಅಂಗಡಿಗೆ ಕೊಟ್ಟ ದುಡ್ಡು ಮಾತ್ರವಲ್ಲ. ಸಾಗಣೆಯ ವೆಚ್ಚ, ವಿಮೆ ಎಲ್ಲವೂ ಅದರೊಳಗೆ ಬರುತ್ತವೆ. ಪೆಟ್ಟಿಗೆಗೂ ಸುಂಕ, ಅದು ಹಾರಿಬಂದ ಆಕಾಶಕ್ಕೂ ಸುಂಕ. ಪೆನ್ನು ಕೊಂಡವನಿಂದ ಸಮಾಜದ ಕಲ್ಯಾಣವಾಗುತ್ತದೆ ಎಂಬುದು ಪೆನ್ನು ಮಾಡಿದವನಿಗೂ ಹೊಳೆದಿರಲಿಕ್ಕಿಲ್ಲ.

ಹೀಗೆ ನಾನು ಹೊಗಳುವ ಹುರುಪಿನಲ್ಲಿದ್ದಾಗ ನಮ್ಮ ಬೀದಿಯ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ನೀರೆರಚಿದರು. ಅವರದು ಮಾದರಿ ರೈಲುಗಳ ಹುಚ್ಚು. ಮಹಡಿಯ ಕೋಣೆಯಲ್ಲಿ 16.5 ಮಿಲಿಮೀಟರ್ ಅಗಲದ ಹಳಿ ಹಾಕಿ, ನಿಜವಾದ ರೈಲಿನ 87ನೇ ಒಂದು ಭಾಗದಷ್ಟು ದೊಡ್ಡ ಎಂಜಿನ್ನುಗಳನ್ನು ಓಡಿಸುತ್ತಾರೆ. ಅವರ ರೈಲುಗಳು ಸಮಯಕ್ಕೆ ಸರಿಯಾಗಿ ಬರುತ್ತವೆ ಎಂಬುದನ್ನು ಬಿಟ್ಟರೆ ಉಳಿದದ್ದೆಲ್ಲ ಅಸಲಿನಂತೆಯೇ ಇದೆ. ಅವರ ಪ್ರಶ್ನೆ ಇಷ್ಟೇ: ‘ಸುಂಕ ಇಳಿದದ್ದು ಸ್ವಂತ ಬಳಕೆಯ ವಸ್ತುಗಳಿಗೆ. ನನ್ನ ರೈಲನ್ನು ಅವರು ಸ್ವಂತ ಬಳಕೆ ಅನ್ನುತ್ತಾರೋ, ಆಟಿಕೆ ಅನ್ನುತ್ತಾರೋ?’

ಇದು ವೇದಾಂತದ ಪ್ರಶ್ನೆಯಲ್ಲ, ದುಡ್ಡಿನ ಪ್ರಶ್ನೆ. ಆಟಿಕೆಗಳ ಮೇಲಿನ ಆಮದು ಸುಂಕ ಶೇ 20 ಇದ್ದದ್ದು 2020ರ ಬಜೆಟ್ಟಿನಲ್ಲಿ ಒಂದೇ ನೆಗೆತಕ್ಕೆ 60 ಆಯಿತು. 2023ರಲ್ಲಿ 70. ಸುಂಕದ ಪಟ್ಟಿಯ 9503ನೇ ಶೀರ್ಷಿಕೆಯಡಿ ಮೂರು ಗಾಲಿಯ ಸೈಕಲ್ಲು, ಗೊಂಬೆ, ಗೊಂಬೆಯ ತಳ್ಳುಗಾಡಿ, ಒಗಟಿನ ಆಟಗಳ ಜೊತೆಗೆ ‘ಕುಗ್ಗಿಸಿದ ಅಳತೆಯ ಮಾದರಿಗಳು’ ಕೂಡ ಸೇರಿವೆ. ಓಡಲಿ, ಓಡದಿರಲಿ. ಮೂವತ್ತು ವರ್ಷ ಸಾಲದ ಅರ್ಜಿಗಳ ಮೇಲೆ ಸಹಿ ಹಾಕಿ, ಮೊಣಕಾಲು ಸವೆದು, ಎರಡು ಕಣ್ಣಿಗೂ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮನುಷ್ಯ ಈ ಶೀರ್ಷಿಕೆಯ ಕೆಳಗೆ ಬಂದ ಕೂಡಲೇ ಮಗುವಾಗುತ್ತಾನೆ. ಯಯಾತಿ ತನ್ನ ಮಗನ ಯೌವನವನ್ನು ಕೇಳಿ ಪಡೆಯಬೇಕಾಯಿತು, ನಮ್ಮಲ್ಲಿ ಸುಂಕ ಕಟ್ಟಿದರೆ ಸಾಕು.

ಮಗುವಾದ ಮೇಲೆ ಸರ್ಕಾರಕ್ಕೆ ಕಾಳಜಿ ಹುಟ್ಟುವುದು ಸಹಜ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಬಣ್ಣದಲ್ಲಿ ಸೀಸ ಇರಬಾರದು, ಚೂಪಾದ ಅಂಚು ಇರಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಸಣ್ಣ ಭಾಗ ಇರಬಾರದು. ಮಕ್ಕಳ ಮಟ್ಟಿಗೆ ಒಳ್ಳೆಯ ನಿಯಮವೇ, ಅದರ ಬಗ್ಗೆ ತಮಾಷೆ ಮಾಡುವುದಿಲ್ಲ. ಆದೇಶದಲ್ಲೂ 14 ವರ್ಷದೊಳಗಿನವರು ಆಡುವ ವಸ್ತುಗಳು ಎಂದೇ ಇದೆ. ತಮಾಷೆ ಏನೆಂದರೆ, ವಯಸ್ಕ ಸಂಗ್ರಾಹಕರಿಗೆ ಎಂದು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದ ಪೆಟ್ಟಿಗೆ ಬಂದಾಗಲೂ ಅದರೊಳಗಿನ ವಸ್ತುವನ್ನು ನಮ್ಮ ಮ್ಯಾನೇಜರ್ ಸಾಹೇಬರು ಬಾಯಿಗೆ ಹಾಕಿಕೊಳ್ಳುವುದಿಲ್ಲ ಎಂದು ಯಾರಾದರೂ ಮನವರಿಕೆ ಮಾಡಿಕೊಡಬೇಕು. ವಿದೇಶಿ ತಯಾರಕನಿಗೆ ಆ ಮುದ್ರೆ ಬೇಕಿದ್ದರೆ ಭಾರತೀಯ ಮಾನಕ ಸಂಸ್ಥೆಯಲ್ಲಿ ಅದಕ್ಕೆಂದೇ ಪ್ರತ್ಯೇಕ ಯೋಜನೆಯಿದೆ, ಕಾರ್ಖಾನೆಯ ತಪಾಸಣೆಯೂ ಅದರ ಭಾಗ. ಜರ್ಮನಿಯ ಗೋಪಿಂಗೆನ್ ಪಟ್ಟಣದಲ್ಲಿ ಹತ್ತೊಂಬತ್ತನೇ ಶತಮಾನದಿಂದ ಆಟಿಕೆ ಮಾಡುತ್ತಿರುವ ಮೆರ್ಕ್ಲಿನ್ ಕಂಪನಿ, ನಮ್ಮ ಬೀದಿಯ ಒಬ್ಬ ನಿವೃತ್ತರಿಗೆ ಒಂದು ಎಂಜಿನ್ ಮಾರುವ ಸಲುವಾಗಿ ಆ ತಪಾಸಣೆಗೆ ಬಾಗಿಲು ತೆರೆದು ನಿಲ್ಲಬೇಕು. ನಿಲ್ಲುತ್ತದೆ ಎಂದು ನೀವು ನಂಬಿದರೆ ನಿಮ್ಮ ವಯಸ್ಸು ಖಂಡಿತ ಹದಿನಾಲ್ಕರೊಳಗೆ.

ವಸ್ತುವೊಂದು ಏನು ಎಂದು ತೀರ್ಮಾನಿಸುವ ಈ ಸುಂಕಶಾಸ್ತ್ರ ನಮ್ಮೊಬ್ಬರದೇ ಸೊತ್ತಲ್ಲ ಅನ್ನಿ. ಅಮೆರಿಕದಲ್ಲಿ ಹಿಂದೆ ಮನುಷ್ಯರನ್ನು ಹೋಲುವ ಗೊಂಬೆಗಳಿಗೆ ಹೆಚ್ಚು ಸುಂಕ, ಮನುಷ್ಯರಲ್ಲದ ಆಟಿಕೆಗಳಿಗೆ ಕಡಿಮೆ ಸುಂಕ ಇತ್ತು. ಟಾಯ್ ಬಿಜ್ ಎಂಬ ಕಂಪನಿ ನ್ಯಾಯಾಲಯಕ್ಕೆ ಹೋಗಿ, ತಾನು ಆಮದು ಮಾಡುವ ಎಕ್ಸ್-ಮೆನ್ ಎಂಬ ಅದ್ಭುತ ಶಕ್ತಿಯ ವೀರರ ಗೊಂಬೆಗಳು ಮನುಷ್ಯರೇ ಅಲ್ಲ ಎಂದು ವಾದಿಸಿತು. ನಾವೂ ಮನುಷ್ಯರೇ ಎಂದು ಲೋಕಕ್ಕೆ ಸಾರುವುದಕ್ಕಾಗಿಯೇ ಆ ವೀರರು ದಶಕಗಳಿಂದ ಚಿತ್ರಕಥೆಗಳಲ್ಲಿ ಹೊಡೆದಾಡುತ್ತಿದ್ದರು. 2003ರಲ್ಲಿ ನ್ಯಾಯಾಲಯ ಕಂಪನಿಯ ಮಾತನ್ನು ಒಪ್ಪಿತು. ಅವರು ಮನುಷ್ಯರಲ್ಲ, ಸುಂಕ ಕಡಿಮೆ. ಅಭಿಮಾನಿಗಳು ಅತ್ತರಂತೆ.

ಆ ತೀರ್ಪನ್ನು ಓದಿದಾಗಿನಿಂದ ನನಗೆ ನಮ್ಮ ದಸರಾ ಗೊಂಬೆಗಳ ಚಿಂತೆ. ಆ ಮೊಕದ್ದಮೆ ಮೈಸೂರಿನಲ್ಲಿ ನಡೆದಿದ್ದರೆ ಹಂತಹಂತವಾಗಿ ಜೋಡಿಸಿದ ಆ ಮೆಟ್ಟಿಲುಗಳ ಮುಂದೆ ನ್ಯಾಯಾಧೀಶರು ಏನು ಮಾಡುತ್ತಿದ್ದರು? ಪಟ್ಟದ ಗೊಂಬೆ ಮನುಷ್ಯವರ್ಗ, ಸರಿ. ಶೆಟ್ಟಿ ಶೆಟ್ಟಮ್ಮ ನಿಸ್ಸಂದೇಹವಾಗಿ ಮನುಷ್ಯರು, ಜೊತೆಗೆ ಜಿಎಸ್‌ಟಿ ನೋಂದಣಿಯೂ ಬೇಕಾದೀತು. ಗಣಪತಿ ಕುತ್ತಿಗೆಯವರೆಗೆ ಒಂದು ದರ, ಅಲ್ಲಿಂದ ಮೇಲೆ ಇನ್ನೊಂದು ದರ. ನರಸಿಂಹನ ಸರದಿ ಬಂದಾಗ ಪೀಠವೇ ಎದ್ದು ಹೋಗುತ್ತಿತ್ತು. ಹಿರಣ್ಯಕಶಿಪು ಕೇಳಿದ ವರವನ್ನು ನೆನಪಿಸಿಕೊಳ್ಳಿ: ಮನುಷ್ಯನಿಂದಲೂ ಅಲ್ಲ, ಮೃಗದಿಂದಲೂ ಅಲ್ಲ, ಒಳಗೂ ಅಲ್ಲ, ಹೊರಗೂ ಅಲ್ಲ. ನನಗನ್ನಿಸುವ ಮಟ್ಟಿಗೆ ಆತ ರಾಕ್ಷಸನಲ್ಲ, ಸುಂಕದ ಕಾನೂನನ್ನು ಬರೆದ ಮೊದಲ ಅಧಿಕಾರಿ. ಇಂದಿಗೂ ನಿಮ್ಮ ಪಾರ್ಸೆಲ್ ಬೆಂಗಳೂರಿಗೆ ಬಂದಿರುತ್ತದೆ, ಆದರೆ ದೇಶದೊಳಗೆ ಬಂದಿರುವುದಿಲ್ಲ. ಹೊರಗೂ ಇಲ್ಲ. ಹೊಸ್ತಿಲ ಮೇಲೆ ಕೂತು ವಾರಗಟ್ಟಲೆ ಸಂಜೆಯಾಗುವುದನ್ನು ಕಾಯುತ್ತಿರುತ್ತದೆ. ಕಂಬ ಒಡೆದು ಬರುವವರು ಯಾರೂ ಇಲ್ಲ.

‘ಹಾಗಾದರೆ ಉಡುಗೊರೆ ಎಂದು ಕಳಿಸಲು ಹೇಳಿ’ ಎಂಬ ಸಲಹೆ ಕೊಡುವ ಜಾಣರು ಎಲ್ಲ ಬೀದಿಯಲ್ಲೂ ಇರುತ್ತಾರೆ. ಒಂದು ಕಾಲದಲ್ಲಿ 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕವಿರಲಿಲ್ಲ. ಚೀನಾದ ಆನ್‌ಲೈನ್ ಅಂಗಡಿಗಳು ಅದೇ ಹೆಸರಿನಲ್ಲಿ ರಾಶಿ ರಾಶಿ ಬಟ್ಟೆಬರೆ ಕಳಿಸತೊಡಗಿದವು. ಕಳ್ಳನನ್ನು ಹಿಡಿಯಲಿಲ್ಲ, ಬಾಗಿಲನ್ನೇ ಕಿತ್ತರು. 2019ರ ಡಿಸೆಂಬರಿನ ಅಧಿಸೂಚನೆಯ ಪ್ರಕಾರ ಅಂಚೆ ಅಥವಾ ಕೊರಿಯರ್ ಮೂಲಕ ಉಡುಗೊರೆಯೆಂದು ವಸ್ತುಗಳನ್ನು ಸುಂಕವಿಲ್ಲದೆ ಬಿಡಿಸಿಕೊಳ್ಳುವುದು ನಿಷಿದ್ಧ. ಪೂರ್ತಿ ಸುಂಕ ಕಟ್ಟಿದರೆ ಮಾತ್ರ ಅದು ಉಡುಗೊರೆ. ವಿನಾಯಿತಿ ಎರಡಕ್ಕೆ: ಜೀವರಕ್ಷಕ ಔಷಧ ಮತ್ತು ರಾಖಿ. ಇಲ್ಲಿಗೇ ನಿಂತಿದ್ದರೆ ಅದು ಬರೀ ಅಧಿಸೂಚನೆಯಾಗುತ್ತಿತ್ತು, ಆವರಣದೊಳಗೆ ಇನ್ನೊಂದು ಮಾತು ಸೇರಿಸಿ ಅದನ್ನು ಸಾಹಿತ್ಯ ಮಾಡಿದರು: ರಾಖಿ, ಆದರೆ ರಾಖಿಗೆ ಸಂಬಂಧಿಸಿದ ಉಡುಗೊರೆಗಳಲ್ಲ. ಯಾವುದೋ ಸಭೆಯಲ್ಲಿ ಮೇಜಿನ ಸುತ್ತ ಕೂತ ಹಿರಿಯ ಅಧಿಕಾರಿಗಳಲ್ಲಿ ಒಬ್ಬರಿಗೆ, ತಂಗಿಯೊಬ್ಬಳು ದಾರದ ಜೊತೆ ಒಂದು ಡಬ್ಬಿ ಚಾಕೊಲೇಟು ತುರುಕಿಬಿಟ್ಟರೆ ದೇಶದ ಗತಿಯೇನು ಎಂಬ ಭಯ ಹುಟ್ಟಿರಬೇಕು. ನಮ್ಮ ಮ್ಯಾನೇಜರ್ ಸಾಹೇಬರಿಗೆ ಉಳಿದಿರುವ ದಾರಿ ಒಂದೇ, ನೂಲು ಹುಣ್ಣಿಮೆಯ ಹೊತ್ತಿಗೆ ಆ ಎಂಜಿನ್ನಿಗೆ ದಾರ ಸುತ್ತಿ ಕಳಿಸುವಂತೆ ಜರ್ಮನರಿಗೆ ಬರೆಯುವುದು.

2025ರ ಆಗಸ್ಟಿನಲ್ಲಿ ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್ಲುಗಳ ಸುಂಕ ವಿನಾಯಿತಿಯನ್ನು ರದ್ದು ಮಾಡಿದಾಗ ನಮ್ಮಲ್ಲಿ ಎಷ್ಟು ನೋವಾಯಿತು ನೋಡಿ. ಭಾರತೀಯ ಅಂಚೆ ಆ ದೇಶಕ್ಕೆ ಪಾರ್ಸೆಲ್ ಸ್ವೀಕರಿಸುವುದನ್ನೇ ಕೆಲವು ವಾರ ನಿಲ್ಲಿಸಿತು. ನ್ಯೂಜೆರ್ಸಿಯ ಮಗನಿಗೆ ಚಕ್ಕುಲಿ, ಕೋಡುಬಳೆ, ಮೆಂತ್ಯದ ಹಿಟ್ಟು ಕಳಿಸುತ್ತಿದ್ದ ತಾಯಂದಿರು ಕಂಗಾಲಾದರು. ದೊಡ್ಡ ದೇಶದ ಸಣ್ಣ ಬುದ್ಧಿ ಎಂದು ಚರ್ಚೆ ಮಾಡಿದೆವು. ನಮ್ಮ ದೊಡ್ಡ ಬುದ್ಧಿಯ ಅಳತೆ ಕಾನೂನಿನಲ್ಲೇ ಇದೆ: ಕಟ್ಟಬೇಕಾದ ಸುಂಕ 100 ರೂಪಾಯಿ ದಾಟದಿದ್ದರೆ ವಸೂಲಿ ಮಾಡುವಂತಿಲ್ಲ. ನೂರು! ಸುಂಕವಷ್ಟೇ ನೂರು ದಾಟದಂತೆ ಏನನ್ನಾದರೂ ತರಿಸಬೇಕೆಂದರೆ ದಾರವನ್ನೇ ತರಿಸಬೇಕು. ಆ ಅಧಿಸೂಚನೆ ಬರೆದವರು ಎಷ್ಟು ದೂರ ಯೋಚಿಸಿದ್ದರು ಎಂದು ಈಗ ಅರ್ಥವಾಗುತ್ತದೆ.

ನಗುವುದು ಸಾಕು. ಈ ಗೋಡೆ ಕಟ್ಟಿದ್ದು ನಮ್ಮ ಆಟಿಕೆ ತಯಾರಕರ ರಕ್ಷಣೆಗೆ ಎನ್ನುತ್ತಾರೆ. ಒಪ್ಪುತ್ತೇನೆ, ಅಗ್ಗದ ಪ್ಲಾಸ್ಟಿಕ್ಕಿನ ಹೊಳೆ ಹರಿದು ಬಂದಾಗ ಚನ್ನಪಟ್ಟಣದ ಅರಗಿನ ಗೊಂಬೆ ಮೂಲೆ ಸೇರಿದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಕುದುರೆ, ಬುಗುರಿ, ತಿರುಗಣಿ ಮಾಡುವ ಚನ್ನಪಟ್ಟಣದ ಕುಶಲಕರ್ಮಿಗೆ ಒಬ್ಬ ಮುದುಕ ಜರ್ಮನಿಯಿಂದ ತರಿಸುವ ಎಂಜಿನ್ನಿನಿಂದ ಯಾವ ನಷ್ಟ? ಅಂಥ ಎಂಜಿನ್ ಅವನು ಮಾಡುವುದಿಲ್ಲ. ಅದು ಬಾರದಿದ್ದರೆ ಈ ಮುದುಕ ಬುಗುರಿ ಕೊಳ್ಳುವುದೂ ಇಲ್ಲ, ಸುಮ್ಮನೆ ಮಹಡಿಯ ಕೋಣೆಗೆ ಬೀಗ ಹಾಕುತ್ತಾನೆ. ತೆರಿಗೆ ಹೆಚ್ಚಾಯಿತು ಎಂಬುದು ನನ್ನ ಸಿಟ್ಟಲ್ಲ. ಇಷ್ಟು ಎಂದು ಮೊದಲೇ ಹೇಳಿದರೆ ಕಟ್ಟುವವನು ಕಟ್ಟುತ್ತಾನೆ, ಆಗದವನು ಆಸೆ ಬಿಡುತ್ತಾನೆ. ನನ್ನ ಸಿಟ್ಟು ಇದಕ್ಕೆ: ಒಂದೇ ಬಗೆಯ ಎರಡು ಪೆಟ್ಟಿಗೆ, ಒಂದೇ ಅಂಗಡಿಯಿಂದ ಬಂದದ್ದು, ಒಂದಕ್ಕೆ ಒಂದು ಸುಂಕ, ಇನ್ನೊಂದಕ್ಕೆ ಮತ್ತೊಂದು ಸುಂಕ. ಕೇಳಿದರೆ ಬಾಯಿ ಬಿಡುವವರಿಲ್ಲ. ಕೊಟ್ಟ ರಸೀದಿಯನ್ನು ಇದು ಸುಳ್ಳು ಬೆಲೆ ಎಂದು ಬದಿಗಿಡುತ್ತಾರೆ. ಆಧಾರ್, ಪ್ಯಾನ್, ಅಧಿಕಾರ ಪತ್ರ, ಮತ್ತೆ ಆಧಾರ್. ಕೋಟಿಗಟ್ಟಲೆ ಚಿನ್ನ ಸಾಗಿಸುವವನಿಗೆ ಎಲ್ಲ ದಾರಿಯೂ ಗೊತ್ತು. ಜೀವಮಾನವಿಡೀ ತೆರಿಗೆ ಕಟ್ಟಿ ಈಗ ಒಂದು ಆಸೆಯನ್ನು ತೀರಿಸಿಕೊಳ್ಳಲು ಹೊರಟವನನ್ನು ಮಾತ್ರ ಕಳ್ಳನ ಹಾಗೆ ನಿಲ್ಲಿಸುತ್ತಾರೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೂ ಅವರ ಕಾಲದಲ್ಲಿ ಹೇಳಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯನಾದರೂ ಇರುತ್ತಿದ್ದ. ಹನ್ನೆರಡನೇ ಶತಮಾನದಲ್ಲಿ ಸುಂಕದ ಕಾಯಕ ಮಾಡುತ್ತಿದ್ದ ಬಂಕಣ್ಣ ಶರಣನಾಗಿ ವಚನಗಳನ್ನೇ ಬರೆದ. ಈಗಿನ ಸುಂಕದ ಕಟ್ಟೆಯಿಂದ ಬರುವ ಏಕೈಕ ವಚನ ‘ನಿಮ್ಮ ವಸ್ತುವನ್ನು ತಡೆಹಿಡಿಯಲಾಗಿದೆ’ ಎಂಬ ಎಸ್‌ಎಂಎಸ್, ಅದಕ್ಕೆ ಅಂಕಿತನಾಮವೂ ಇಲ್ಲ. ನಿಮ್ಮ ಪರವಾಗಿ ಸುಂಕ ಕಟ್ಟಿದ ಕೊರಿಯರ್ ಕಂಪನಿ ಆ ಉಪಕಾರಕ್ಕೆ ಬೇರೆ ಶುಲ್ಕ ಹಾಕುತ್ತದೆ, ಶುಲ್ಕದ ಮೇಲೆ ಜಿಎಸ್‌ಟಿ ಹಾಕುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ಕೊನೆಗೆ ಉಳಿದಿದೆ. ಅಂಚೆಯಲ್ಲಿ ಬಂದರೆ ಇಷ್ಟೆಲ್ಲ ಪಾಡು ಪಡುವ ಅದೇ ಎಂಜಿನ್, ವಿಮಾನದಲ್ಲಿ ಬರುವ ನೆಂಟರ ಸೂಟ್‌ಕೇಸಿನಲ್ಲಿ ಅಂಗಿಗಳ ನಡುವೆ ಮಲಗಿ ಬಂದರೆ ಸುಂಕದ ಸಾಮಾನಿಲ್ಲದವರಿಗೆಂದು ಬಿಟ್ಟ ಹಸಿರು ದಾರಿಯಲ್ಲಿ ನೇರ ಹೊರಗೆ. ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮಿತಿ 50,000 ರೂಪಾಯಿ ಇತ್ತು, 2026ರ ಹೊಸ ನಿಯಮದಲ್ಲಿ ಅದು 75,000. ಸೂಟ್‌ಕೇಸಿನಲ್ಲಿದ್ದಾಗ ಅದರ ಅಂಚು ಚೂಪಾಗಿರುವುದಿಲ್ಲ, ಬಣ್ಣದಲ್ಲಿ ಸೀಸ ಇರುವುದಿಲ್ಲ, ಚನ್ನಪಟ್ಟಣಕ್ಕೂ ಅಪಾಯವಿಲ್ಲ. ಹೀಗಾಗಿ ಮ್ಯಾನೇಜರ್ ಸಾಹೇಬರು ಮದುವೆ ಮುಂಜಿಗಳಿಗೆ ತಪ್ಪದೆ ಹೋಗತೊಡಗಿದ್ದಾರೆ. ಹಿಂದೆ ಊಟ ಮುಗಿಸಿ ಮಾಯವಾಗುತ್ತಿದ್ದವರು ಈಗ ವರನ ಪಕ್ಕದಲ್ಲೇ ಕೂರುತ್ತಾರೆ, ಗೋತ್ರ ಕೇಳುವ ಮೊದಲು ಯಾವ ದೇಶ ಎಂದು ಕೇಳುತ್ತಾರೆ. ಅಮೆರಿಕ ಎಂದರೆ ಲಕೋಟೆಯಲ್ಲಿ ಐನೂರ ಒಂದು. ಜರ್ಮನಿ ಎಂದರೆ ಎರಡು ಸಾವಿರದ ಒಂದು, ಅದರ ಜೊತೆಗೆ ಎಂಜಿನ್ನಿನ ಮಾದರಿ ಸಂಖ್ಯೆ ಬರೆದ ಒಂದು ಚೀಟಿ.