ಪೊಟ್ರೆರೊ ಕಣಿವೆಗೆ ಖಾಸಗಿ ಸೇನಾ ತರಬೇತಿ ಕೇಂದ್ರ ಬರಬೇಕಿತ್ತೇ? ಪರ-ವಿರೋಧ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ), ಮೆಕ್ಸಿಕೊ ಗಡಿಯ ಹತ್ತಿರ, ಪೊಟ್ರೆರೊ ಎಂಬ ಊರಿದೆ. ಸಾವಿರಕ್ಕೂ ಕಡಿಮೆ ಜನ. ನಾರ್ತ್ ಕ್ಯಾರೊಲಿನಾದ ಮೊಯಾಕ್‌ನಲ್ಲಿ ದೊಡ್ಡ ತರಬೇತಿ ಮೈದಾನ ಹೊಂದಿದ್ದ ಬ್ಲ್ಯಾಕ್‌ವಾಟರ್ ಎಂಬ ಖಾಸಗಿ ಸೇನಾ ಕಂಪನಿ ಇಲ್ಲಿನ 824 ಎಕರೆ ಜಮೀನಿನಲ್ಲಿ ಗುಂಡು ಹಾರಿಸುವ ರೇಂಜ್‌ಗಳು, ವಾಹನ ಚಾಲನೆಯ ಟ್ರ್ಯಾಕ್, ಶಸ್ತ್ರಾಗಾರ, ಹೆಲಿಪ್ಯಾಡ್ ಮತ್ತು ವಸತಿಯುಳ್ಳ ಕೇಂದ್ರ ಕಟ್ಟಲು ಅರ್ಜಿ ಹಾಕಿತು. ಊರಿನ ಸಲಹಾ ಯೋಜನಾ ಗುಂಪು 2006ರ ಡಿಸೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ವರ್ಷದ ನಂತರ, 2007ರ ಡಿಸೆಂಬರ್‌ನಲ್ಲಿ, ಒಪ್ಪಿದವರಲ್ಲಿ ಐವರನ್ನು ಮತದಾರರು ವಿಶೇಷ ಚುನಾವಣೆಯಲ್ಲಿ ಕೆಳಗಿಳಿಸಿದರು. 2008ರ ಮಾರ್ಚ್‌ನಲ್ಲಿ ಕಂಪನಿ ಅರ್ಜಿ ಹಿಂತೆಗೆದುಕೊಂಡಿತು. ಆ ಕೇಂದ್ರ ಅಲ್ಲಿ ಬರಬೇಕಿತ್ತೇ, ಬೇಡವೇ? ಎರಡು ವಾದಗಳು ಇಲ್ಲಿವೆ.

ಪರ: ಷರತ್ತು ಬಿಗಿ ಮಾಡಿ ಬಿಡಬೇಕಿತ್ತು

2000ದ ಅಕ್ಟೋಬರ್ 12ರಂದು ಯೆಮೆನ್ ದೇಶದ ಏಡನ್ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ಯುಎಸ್ಎಸ್ ಕೋಲ್‌ಗೆ ಸ್ಫೋಟಕ ತುಂಬಿದ ದೋಣಿ ಬಂದು ಬಡಿಯಿತು. 17 ನಾವಿಕರು ಸತ್ತರು. ಲಂಗರು ಹಾಕಿ ನಿಂತ ಹಡಗನ್ನು ಕಾಯುವವನಿಗೆ ಬಂದೂಕಿನ ಪಳಗಿಕೆ ಬೇಕು, ಅದು ಇದ್ದದ್ದು ಸಾಲದು ಎಂಬುದು ಆ ದಿನ ಎಲ್ಲರಿಗೂ ಕಂಡಿತು. ನೌಕಾಪಡೆ ಆ ತರಬೇತಿಯ ಗುತ್ತಿಗೆಯನ್ನು ಬ್ಲ್ಯಾಕ್‌ವಾಟರ್‌ಗೆ ಕೊಟ್ಟದ್ದು ಈ ಹಿನ್ನೆಲೆಯಲ್ಲಿ. ಪೆಸಿಫಿಕ್ ಕಡೆಯ ನೌಕಾಬಲದ ದೊಡ್ಡ ನೆಲೆ ಸ್ಯಾನ್ ಡಿಯಾಗೊದಲ್ಲೇ ಇದೆ. ಅಲ್ಲಿನ ನಾವಿಕರನ್ನು ತರಬೇತಿಗೆಂದು ದೇಶದ ಇನ್ನೊಂದು ತುದಿಗೆ ಕಳಿಸುವುದಕ್ಕಿಂತ ಹತ್ತಿರದಲ್ಲೇ ಒಂದು ಮೈದಾನ ಇರಲಿ ಎನ್ನುವುದರಲ್ಲಿ ತಪ್ಪೇನೂ ಇಲ್ಲ.

ಮೈದಾನ ಎಲ್ಲಿ ಬೇಕಾದರೂ ಆಗುವುದಿಲ್ಲ. 9 ಎಂಎಂ ಪಿಸ್ತೂಲಿನ ಗುಂಡು ತಡೆಯಿಲ್ಲದೆ ಹಾರಿದರೆ ಸುಮಾರು 1,800 ಮೀಟರ್ ಹೋಗಿ ಬೀಳುತ್ತದೆ. 5.56 ಎಂಎಂ ರೈಫಲ್ಲಿನದು 3,600 ಮೀಟರ್. ಬಯಲಿನಲ್ಲಿ ರೇಂಜ್ ಮಾಡಿದರೆ ಅಷ್ಟು ಉದ್ದದ ಅಪಾಯದ ಪಟ್ಟಿಯನ್ನು ಖಾಲಿ ಬಿಡಬೇಕು. ಸುತ್ತ ಗುಡ್ಡ ಇರುವ ಬಟ್ಟಲಿನಂಥ ಕಣಿವೆಯಲ್ಲಿ ಗುಡ್ಡವೇ ಗುಂಡಿಗೆ ಗೋಡೆ. ಪೊಟ್ರೆರೊದ ಆ ಜಮೀನು ಇಂಥ ಜಾಗ.

ಇನ್ನು ಪರವಾನಗಿಯ ಮಾತು. ಕೌಂಟಿಯ ನಿಯಮದಂತೆ ಇಂಥ ಯೋಜನೆಗೆ ಮೇಜರ್ ಯೂಸ್ ಪರ್ಮಿಟ್ (ದೊಡ್ಡ ಭೂಬಳಕೆಯ ಪರವಾನಗಿ) ಬೇಕು, ಅದಕ್ಕೆ ಮೊದಲು ರಾಜ್ಯದ 1970ರ ಪರಿಸರ ಕಾಯ್ದೆಯಡಿ ಪರಿಸರ ಪರಿಣಾಮ ವರದಿ ಆಗಬೇಕು. ವರದಿಯಲ್ಲಿ ಏನೇನು ಪರಿಶೀಲಿಸಬೇಕು ಎಂದು ಹೇಳಲು 30 ದಿನ, ಕರಡು ಬಂದ ಮೇಲೆ ಆಕ್ಷೇಪ ಬರೆಯಲು ಸಾಮಾನ್ಯವಾಗಿ 45 ದಿನ. ಬರೆದುಕೊಟ್ಟ ಪ್ರತಿ ಆಕ್ಷೇಪಕ್ಕೂ ಲಿಖಿತ ಉತ್ತರ ಕಡ್ಡಾಯ. ಆಮೇಲೆ ಯೋಜನಾ ಆಯೋಗ, ಕೊನೆಗೆ ಕೌಂಟಿಯನ್ನು ಆಳುವ ಐವರು ಚುನಾಯಿತ ಸೂಪರ್‌ವೈಸರ್‌ಗಳ ಮಂಡಳಿ. ಊರಿನವರ ಕೈಯಲ್ಲಿ ಇಷ್ಟು ಗಟ್ಟಿಯಾದ ಹಿಡಿತ ಇತ್ತು. ವರದಿ ಪೂರ್ತಿಯಾಗುವ ಮೊದಲೇ ತೀರ್ಪು ಕೊಟ್ಟು, ಸಂಬಳವಿಲ್ಲದೆ ದುಡಿಯುವ ಸಲಹಾ ಗುಂಪಿನ ಸದಸ್ಯರನ್ನು ಕೆಳಗಿಳಿಸಿದ್ದು ನೋವಿನ ಸಂಗತಿ. ಅವರ ಮತಕ್ಕೆ ಸಲಹೆಯ ಬೆಲೆಯಷ್ಟೇ ಇತ್ತು, ಪರವಾನಗಿ ಕೊಡುವ ಅಧಿಕಾರ ಇರಲಿಲ್ಲ.

ಷರತ್ತು ಹಾಕಿದರೆ ನಿಜವಾಗಿ ಏನು ಸಾಧ್ಯ? ಎಲ್ಲರೂ ಹೆದರುವ ಸೀಸವನ್ನೇ ನೋಡೋಣ. 9 ಎಂಎಂ ಗುಂಡು ಸುಮಾರು 8 ಗ್ರಾಂ, ತಾಮ್ರದ ಹೊದಿಕೆ ಕಳೆದರೆ ಆರೇಳು ಗ್ರಾಂ ಸೀಸ. 30 ಮಂದಿಯ ಒಂದು ತಂಡ ವಾರಕ್ಕೆ ತಲಾ 1,000 ಗುಂಡು ಹಾರಿಸಿತು ಎಂದಿಟ್ಟುಕೊಳ್ಳಿ, ಸುಮಾರು 195 ಕಿಲೋ ಸೀಸ ಎದುರಿನ ಮಣ್ಣಿನ ದಿಬ್ಬ ಸೇರುತ್ತದೆ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಸೀಸ ತಾನಾಗಿ ಓಡಾಡುವುದಿಲ್ಲ. ಮಣ್ಣು ಹುಳಿಯಾಗಿದ್ದು ಮಳೆನೀರು ಅದರಲ್ಲಿ ನಿಂತರೆ ಹೆಚ್ಚು ಕರಗಿ ಕೆಳಗಿಳಿಯುತ್ತದೆ. ಅದಕ್ಕೇ ದಿಬ್ಬದ ಮಣ್ಣಿನ ಪಿಎಚ್ (ಹುಳಿಯ ಅಳತೆ) 6.5ರಿಂದ 8.5ರ ನಡುವೆ ಇರುವಂತೆ ಸುಣ್ಣ ಬೆರೆಸುತ್ತಾರೆ, ಮೇಲಿನಿಂದ ಹರಿದು ಬರುವ ನೀರನ್ನು ಕಾಲುವೆ ತೆಗೆದು ಬೇರೆ ಕಡೆ ತಿರುಗಿಸುತ್ತಾರೆ, ಕಾಲಕಾಲಕ್ಕೆ ದಿಬ್ಬದ ಮುಖವನ್ನು ಕೆರೆದು ಜರಡಿ ಹಿಡಿದು ಸೀಸ ಹೆಕ್ಕುತ್ತಾರೆ. ಹೆಕ್ಕಿದ ಸೀಸಕ್ಕೆ ಬೆಲೆಯೂ ಇದೆ. ರೇಂಜಿನ ಕೆಳಗಿನ ಇಳಿಜಾರಿನಲ್ಲಿ ಎರಡು ಮೂರು ಪರೀಕ್ಷಾ ಬಾವಿ ಕೊರೆಸಿ, ನೀರಿನ ಮಾದರಿಯನ್ನು ಕಂಪನಿಯ ಖರ್ಚಿನಲ್ಲಿ ಕೌಂಟಿಯೇ ಪರೀಕ್ಷೆಗೆ ಕಳಿಸಲಿ ಎಂದು ಬರೆಸಬಹುದಿತ್ತು. ಬೋರ್‌ವೆಲ್‌ಗೆ ಮೀಟರ್, ಗುಂಡು ಹಾರಿಸುವ ಹೊತ್ತಿಗೆ ಮಿತಿ, ಬೆಂಕಿಯ ಅಪಾಯವಿರುವ ಗಾಳಿಯ ದಿನಗಳಲ್ಲಿ ಪೂರ್ತಿ ಬಂದ್, ಕಿಡಿ ಹಾರಿಸುವ ಉಕ್ಕಿನ ತಿರುಳಿನ ಗುಂಡಿಗೂ ಉರಿಯುತ್ತ ಹಾರುವ ಟ್ರೇಸರ್ ಗುಂಡಿಗೂ ನಿಷೇಧ, ಅಗ್ನಿಶಾಮಕಕ್ಕೆಂದೇ ಮೀಸಲು ನೀರಿನ ತೊಟ್ಟಿ. ಇವೆಲ್ಲ ಪರವಾನಗಿಯ ಹಾಳೆಯಲ್ಲಿ ಬರೆಸಬಹುದಾದ ಸಾಲುಗಳು, ಮುರಿದರೆ ಪರವಾನಗಿ ರದ್ದು.

2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ ಕಂಪನಿಯ ಕಾವಲುಗಾರರ ಗುಂಡಿಗೆ 17 ಇರಾಕಿ ನಾಗರಿಕರು ಬಲಿಯಾದರು. ಆ ಸಿಟ್ಟು ಪೊಟ್ರೆರೊದ ವಿರೋಧಕ್ಕೆ ಬಲ ಕೊಟ್ಟಿತು. ಆ ಹತ್ಯೆ ಕ್ಷಮಿಸುವಂಥದ್ದಲ್ಲ. ಆದರೆ ಅದನ್ನು ವಿಚಾರಿಸಬೇಕಾದದ್ದು ನ್ಯಾಯಾಲಯ, 2014ರಲ್ಲಿ ನಾಲ್ವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿಯೂ ಆಯಿತು. ಭೂಬಳಕೆಯ ಪರವಾನಗಿ ಕೇಳುವುದು ಈ ನೆಲದಲ್ಲಿ ಏನು ನಡೆಯುತ್ತದೆ ಎಂದು, ಯಾರು ನಡೆಸುತ್ತಾರೆ ಎಂದಲ್ಲ. ಇಂದು ಹಿಡಿಸದ ಕಂಪನಿಗೆ ಇಲ್ಲ ಎಂದವರು ನಾಳೆ ಹಿಡಿಸದ ಪಂಥಕ್ಕೋ ಹಿಡಿಸದ ಜನಕ್ಕೋ ಇಲ್ಲ ಎನ್ನಬಹುದು.

ಅರ್ಜಿ ವಾಪಸಾದ ಮೇಲೆ ಆದದ್ದನ್ನೂ ನೋಡಬೇಕು. ಕಂಪನಿ ತರಬೇತಿ ಬಿಟ್ಟು ಹೋಗಲಿಲ್ಲ, ಸ್ಯಾನ್ ಡಿಯಾಗೊ ನಗರದೊಳಗಿನ ಒಟೇ ಮೆಸಾದಲ್ಲಿ ಒಂದು ಗೋದಾಮು ಹಿಡಿಯಿತು. ಆ ಕೈಗಾರಿಕಾ ವಲಯದಲ್ಲಿ ವೃತ್ತಿ ತರಬೇತಿಗೆ ಮೊದಲೇ ಅವಕಾಶ ಇದ್ದದ್ದರಿಂದ ಸಾರ್ವಜನಿಕ ವಿಚಾರಣೆಯೇ ಬೇಕಾಗಲಿಲ್ಲ. ನಗರಾಡಳಿತ ತಡೆಯಲು ಹೋದಾಗ 2008ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಲಯ ಕಂಪನಿಯ ಪರ ಆದೇಶ ಕೊಟ್ಟಿತು. ಕಣಿವೆಯಲ್ಲಿ ನೂರು ಕಣ್ಣುಗಳ ಮುಂದೆ, ನೂರು ಷರತ್ತುಗಳ ಕೆಳಗೆ ನಡೆಯಬಹುದಾಗಿದ್ದ ಕೆಲಸ ಮುಚ್ಚಿದ ಷೆಡ್ಡಿನೊಳಕ್ಕೆ ಹೋಯಿತು.

ವಿರೋಧ: ಆ ಕಣಿವೆ ಹೊರಲಾರದ ಹೊರೆ

ಸದ್ದಿನಿಂದ ಶುರುಮಾಡೋಣ, ಯೋಜನೆ ಬಿದ್ದದ್ದು ಅಲ್ಲೇ. ಕೌಂಟಿಯ ಹಳ್ಳಿಗಾಡಿನ ವಲಯದಲ್ಲಿ ಜಮೀನಿನ ಗಡಿಯಲ್ಲಿ ಹಗಲು ಒಂದು ಗಂಟೆಯ ಸರಾಸರಿ ಸದ್ದು 50 ಡೆಸಿಬೆಲ್ ಮೀರಬಾರದು, ರಾತ್ರಿ 45. ರೈಫಲ್ಲಿನ ನಳಿಕೆಯಿಂದ ಒಂದು ಮೀಟರ್ ದೂರದಲ್ಲಿ ಒಂದು ಹೊಡೆತದ ಗರಿಷ್ಠ ಸದ್ದು ಸುಮಾರು 160 ಡೆಸಿಬೆಲ್. ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ, ಹಾಗಾಗಿ ಒಂದು ಕಿಲೋಮೀಟರ್ ಆಚೆ ಅದು 100. ಪೊದೆ, ದಿಬ್ಬ, ಗಾಳಿ ಇನ್ನೊಂದು 20 ನುಂಗಿತು ಎನ್ನಿ, 80 ಉಳಿಯುತ್ತದೆ. ಸದ್ದಿಲ್ಲದ ಊರಿನಲ್ಲಿ, ಅಂಗಳದಲ್ಲಿ ನಿಂತವನ ಎದೆಗೆ ಬಡಿಯುವ ಏಟು ಅದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಗುಂಡಿನ ಸದ್ದು ಕಣ್ಣೆವೆ ಮಿಟುಕಿಸುವುದರೊಳಗೆ ಮುಗಿಯುತ್ತದೆ. ಗಂಟೆಯ ಸರಾಸರಿ ತೆಗೆದರೆ ಅಲ್ಲೊಂದು ಇಲ್ಲೊಂದು ಹೊಡೆತ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಸರಾಸರಿಯ ನಿಯಮ ಗುಂಡು ಹಾರಿಸುವವನಿಗೆ ಅನುಕೂಲದ ನಿಯಮ. ಅಷ್ಟು ಅನುಕೂಲ ಇದ್ದೂ ಪರೀಕ್ಷೆಯಲ್ಲಿ ಸದ್ದು ಕೌಂಟಿಯ ಮಿತಿಯೊಳಗೆ ನಿಲ್ಲಲಿಲ್ಲ ಎಂದು ಕಂಪನಿಯೇ ಹೇಳಿ ಅರ್ಜಿ ವಾಪಸ್ ಪಡೆಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಒಂದೇ ಬಗೆಯ ಹತ್ತು ರೇಂಜ್ ಒಟ್ಟಿಗೆ ನಡೆದರೆ ಒಂದಕ್ಕಿಂತ 10 ಡೆಸಿಬೆಲ್ ಏರುತ್ತದೆ. ಜೊತೆಗೆ ಬಟ್ಟಲಿನಂಥ ಕಣಿವೆ. ಎದುರು ಬದಿಯ ಲೇಖಕರು ಗುಂಡಿಗೆ ಗೋಡೆ ಎಂದು ಹೊಗಳಿದ ಅದೇ ಗುಡ್ಡ ಸದ್ದನ್ನು ಒಳಕ್ಕೇ ತಿರುಗಿಸುತ್ತದೆ. ಬೆಳಗಿನ ಹೊತ್ತು ತಂಪು ಗಾಳಿ ಕಣಿವೆಯ ತಳದಲ್ಲಿ ಕೂತಿರುತ್ತದೆ, ಅದರ ಮೇಲೆ ಬೆಚ್ಚಗಿನ ಪದರ. ಮೇಲಕ್ಕೆ ಹೋಗಬೇಕಾದ ಸದ್ದು ಆ ಪದರದಲ್ಲಿ ಬಾಗಿ ನೆಲಕ್ಕೇ ಮರಳುತ್ತದೆ. ಮಧ್ಯಾಹ್ನ ಮಾಡಿದ ಅಳತೆ ನೋಡಿ ಬೆಳಗಿನ ಏಳು ಗಂಟೆಯನ್ನು ಅಂದಾಜು ಮಾಡಲು ಬರುವುದಿಲ್ಲ. ಮಿತಿಯೊಳಗೆ ನಿಲ್ಲದ ಮೇಲೆ ಷರತ್ತು ಬಿಗಿ ಮಾಡಿ ಏನು ಫಲ?

ನೀರಿನ ವಿಷಯ. ಈ ಸುತ್ತಿನ ಬೆಟ್ಟಸಾಲಿನಲ್ಲಿ ಜನ ಕುಡಿಯುವುದು ಅಂತರ್ಜಲ. ಕ್ಯಾಂಪೊ–ಕಾಟನ್‌ವುಡ್ ಕ್ರೀಕ್ ಪ್ರದೇಶದ ಅಂತರ್ಜಲವನ್ನು ಕುಡಿಯುವ ನೀರಿನ ಏಕೈಕ ಮೂಲ ಎಂದು ಫೆಡರಲ್ ಪರಿಸರ ಸಂಸ್ಥೆ 1993ರಲ್ಲೇ ಗುರುತಿಸಿದೆ. ನೀರು ಇರುವುದು ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ. ಮರಳಿನ ಪದರದಲ್ಲಿದ್ದರೆ ಎಷ್ಟಿದೆ, ಎತ್ತ ಹರಿಯುತ್ತದೆ ಎಂದು ಲೆಕ್ಕ ಹಾಕಬಹುದು. ಬಿರುಕಿನಲ್ಲಿ ಹಾಗಲ್ಲ. ಒಂದು ಬೋರ್ ಎಳೆದರೆ ಪಕ್ಕದ ಮನೆಯದು ತುಂಬಿಯೇ ಇದ್ದು, ಅರ್ಧ ಮೈಲಿ ಆಚೆಯದು ಬತ್ತಬಹುದು. ಮೀಟರ್ ಎಷ್ಟು ಎತ್ತಿದರು ಎಂದು ಹೇಳುತ್ತದೆ, ಯಾರ ಪಾಲಿನದನ್ನು ಎತ್ತಿದರು ಎಂದು ಹೇಳುವುದಿಲ್ಲ. ಪರೀಕ್ಷಾ ಬಾವಿಯದೂ ಅದೇ ಕಥೆ: ಸೀಸ ಇಳಿದ ಬಿರುಕಿಗೆ ಆ ಬಾವಿ ತಾಗದಿದ್ದರೆ ವರದಿ ವರ್ಷಾನುಗಟ್ಟಲೆ ಶುದ್ಧವಾಗಿಯೇ ಬರುತ್ತದೆ. ಸುಣ್ಣ, ಜರಡಿ ಎಲ್ಲ ಸರಿ, ಒಳ್ಳೆಯ ಪದ್ಧತಿಗಳೇ. ಆದರೆ ಅವು ಬಿಡುವಿಲ್ಲದೆ ನಡೆಯಬೇಕಾದ ಕೆಲಸಗಳು. ಹೇಳಿದ ಲೆಕ್ಕವನ್ನೇ ವರ್ಷಕ್ಕೆ 40 ವಾರಕ್ಕೆ ಹಿಗ್ಗಿಸಿದರೆ ಒಂದು ತಂಡದಿಂದಲೇ ಸುಮಾರು 8 ಟನ್ ಸೀಸ. ಎರಡು ವರ್ಷ ಜರಡಿ ಹಿಡಿಯದೆ ಕಂಪನಿ ಬಾಗಿಲು ಮುಚ್ಚಿದರೆ ದಿಬ್ಬ ಯಾರದು?

ಬೆಂಕಿಯನ್ನು ಊಹಿಸಬೇಕಾದ ಅಗತ್ಯವೇ ಇಲ್ಲ. 2007ರ ಅಕ್ಟೋಬರ್ 21ರಂದು ಹ್ಯಾರಿಸ್ ಕಾಳ್ಗಿಚ್ಚು ಹೊತ್ತಿಕೊಂಡದ್ದು ಪೊಟ್ರೆರೊದಲ್ಲೇ. ಸಾಂತಾ ಆನಾ ಎಂಬ ಒಣ ಬಿರುಗಾಳಿಗೆ ಸಿಕ್ಕಿ 90,000 ಎಕರೆಗೂ ಹೆಚ್ಚು ಸುಟ್ಟಿತು, ಜನ ಸತ್ತರು. ಅದಕ್ಕೂ ಯೋಜನೆಗೂ ಸಂಬಂಧವಿಲ್ಲ. ಆದರೆ ಆ ದಿನ ಊರು ಬಿಟ್ಟು ಓಡಲು ಇದ್ದ ಮುಖ್ಯ ದಾರಿ 94ನೇ ರಾಜ್ಯ ಹೆದ್ದಾರಿ, ಬೆಟ್ಟದ ಅಂಚಿನಲ್ಲಿ ಸುತ್ತಿಕೊಂಡು ಹೋಗುವ, ಹೋಗಲೊಂದು ಬರಲೊಂದು ಸಾಲಿನ ರಸ್ತೆ. ಕುದುರೆ ಟ್ರೇಲರು, ದನದ ಟ್ರೇಲರು ಎಳೆದುಕೊಂಡು ಜನ ಹೊರಡುವ ಅದೇ ಗಳಿಗೆಯಲ್ಲಿ ಕೇಂದ್ರದ ತರಬೇತುದಾರರು, ಶಿಬಿರಾರ್ಥಿಗಳು, ಶಸ್ತ್ರಾಗಾರದ ಮದ್ದುಗುಂಡು ಎಲ್ಲವೂ ಆ ರಸ್ತೆಗೇ ಇಳಿಯಬೇಕು. ಮೀಸಲು ತೊಟ್ಟಿ ಕಟ್ಟಿಸಬಹುದು, ರಸ್ತೆಗೆ ಇನ್ನೊಂದು ಸಾಲನ್ನು ಪರವಾನಗಿಯ ಹಾಳೆಯಲ್ಲಿ ಬರೆದು ತರಲಾಗದು.

ಯಾರು ನಡೆಸುತ್ತಾರೆ ಎಂಬುದು ಭೂಬಳಕೆಯ ಪ್ರಶ್ನೆಯಲ್ಲ ಎನ್ನುತ್ತಾರೆ. ಕಾನೂನಿನ ಅಕ್ಷರದಲ್ಲಿ ಅದು ಒಪ್ಪುವ ಮಾತು, ಭಯ ಹುಟ್ಟುವುದೂ ಅಲ್ಲಿಂದಲೇ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಪರವಾನಗಿ ಅರ್ಜಿದಾರನಿಗೆ ಅಂಟಿಕೊಂಡಿರುವುದಿಲ್ಲ, ಜಮೀನಿಗೆ ಅಂಟಿಕೊಂಡಿರುತ್ತದೆ. ಜಮೀನು ಮಾರಿದರೆ ಪರವಾನಗಿಯೂ ಜೊತೆಗೇ ಹೋಗುತ್ತದೆ. ಇದೇ ಕಂಪನಿ 2009ರಲ್ಲಿ ಜೀ ಎಂದು ಹೆಸರು ಬದಲಿಸಿತು, 2010ರ ಕೊನೆಗೆ ಬೇರೆ ಹೂಡಿಕೆದಾರರಿಗೆ ಮಾರಾಟವಾಯಿತು, 2011ರಲ್ಲಿ ಅಕಾಡೆಮಿ ಎಂದಾಯಿತು. ಅರ್ಜಿ ವಾಪಸಾದ ನಾಲ್ಕು ವರ್ಷದೊಳಗೆ ಎರಡು ಹೆಸರು, ಹೊಸ ಒಡೆಯರು. ಊರಿನವರು ಅಡುಗೆಮನೆ ಮೇಜಿನ ಎದುರು ಕೂರಿಸಿಕೊಂಡು ಮಾತು ತೆಗೆದುಕೊಂಡ ಕಂಪನಿಯ ಪ್ರತಿನಿಧಿ ಆ ಹೊತ್ತಿಗೆ ಅಲ್ಲೇ ಇರಬೇಕಲ್ಲ!

ದಿನಕ್ಕೆ ಎಷ್ಟು ಗುಂಡು ಹಾರಿತು, ಯಾವ ಗುಂಡು, ಗಾಳಿಯ ದಿನ ಬಂದ್ ಮಾಡಿದರೋ ಇಲ್ಲವೋ ಎಂಬ ದಾಖಲೆ ಬರೆಯುವುದು ಕಂಪನಿಯೇ. ಸೇನೆಯ ಸ್ವಂತ ಮೈದಾನವಾಗಿದ್ದರೆ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಕಾಗದ ಕೇಳಬಹುದು, ಸಂಸತ್ತಿನ ಸದಸ್ಯರ ಮೂಲಕ ಪ್ರಶ್ನೆ ಎತ್ತಬಹುದು. ಖಾಸಗಿ ಕಂಪನಿಯ ಕಪಾಟಿನಲ್ಲಿರುವ ದಾಖಲೆಗೆ ಆ ಕಾಯ್ದೆ ತಲುಪುವುದಿಲ್ಲ, ಕೌಂಟಿಗೆ ಸಲ್ಲಿಸಿದಷ್ಟು ಮಾತ್ರ ಕೈಗೆ ಸಿಗುತ್ತದೆ. ಬಾಗ್ದಾದ್ ಪ್ರಕರಣವನ್ನು ನ್ಯಾಯಾಲಯ ನೋಡಿಕೊಂಡಿತು ಎಂದಿದ್ದಾರೆ. ಆ ನಾಲ್ವರಿಗೂ 2020ರ ಡಿಸೆಂಬರ್‌ನಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ಹದಿನೇಳು ಜೀವಗಳ ವಿಷಯದಲ್ಲೇ ಹೊಣೆಗಾರಿಕೆ ಇಷ್ಟು ಸಡಿಲವಾದರೆ ಒಂದು ಹಳ್ಳಿಯ ಬೋರ್‌ವೆಲ್ ಬಗ್ಗೆ ಯಾರನ್ನು ಹಿಡಿದು ಕೇಳುವುದು?

ಸಲಹಾ ಗುಂಪಿನ ಸದಸ್ಯರನ್ನು ಇಳಿಸಿದ್ದು ನೋವಿನ ಸಂಗತಿಯೇ, ಅವರು ನೆರೆಹೊರೆಯವರು. ಆದರೆ ಅವರ ಒಪ್ಪಿಗೆ ಕೌಂಟಿಯ ಕಡತದಲ್ಲಿ ಊರಿನ ಒಪ್ಪಿಗೆ ಎಂದೇ ದಾಖಲಾಗುತ್ತಿತ್ತು. ಅದು ಊರಿನ ಮಾತಲ್ಲ ಎಂದು ಅಧಿಕೃತವಾಗಿ ಹೇಳಲು ಮತಪೆಟ್ಟಿಗೆಗಿಂತ ಸಭ್ಯವಾದ ದಾರಿ ಇರಲಿಲ್ಲ.

ಒಟೇ ಮೆಸಾ ಗೋದಾಮನ್ನು ಸೋಲಿನ ಪುರಾವೆಯಾಗಿ ತೋರಿಸುವುದೂ ಸರಿಯಲ್ಲ. ಅಲ್ಲಿ ಗುಂಡು ಹಾರುವುದು ಗೋಡೆಯೊಳಗೆ, ಸೀಸ ಬೀಳುವುದು ಮುಚ್ಚಿದ ರೇಂಜಿನ ನೆಲದ ಮೇಲೆ, ನೀರು ಬರುವುದು ನಗರದ ಪೈಪಿನಲ್ಲಿ, ರಸ್ತೆ ಲಾರಿಗಳಿಗೆಂದೇ ಹಾಕಿದ್ದು. ಅಲ್ಲಿ ಆದ ತಪ್ಪು ಬೇರೆ: ಪರವಾನಗಿಯ ಅರ್ಜಿಗಳು ಕಂಪನಿಯ ಪರಿಚಿತ ಹೆಸರಿನಲ್ಲಿ ಇರಲಿಲ್ಲ, ಗುಂಡಿನ ತರಬೇತಿ ವೃತ್ತಿ ಶಾಲೆಯ ಸಾಲಿನಲ್ಲಿ ಸಲೀಸಾಗಿ ಕೂತಿತು. ಅದಕ್ಕೆ ಮದ್ದು ನಗರದ ವಲಯ ಪಟ್ಟಿಯಲ್ಲಿದೆ. ಆಯುಧ ತರಬೇತಿಯನ್ನು ವೃತ್ತಿ ಶಾಲೆಯಿಂದ ಬೇರ್ಪಡಿಸಿ, ಸಾರ್ವಜನಿಕ ವಿಚಾರಣೆ ಬೇಕಾದ ಬಳಕೆಗಳ ಪಟ್ಟಿಗೆ ಸೇರಿಸಿದರೆ ಆಯಿತು.