ಸ್ಕೋರ್ ನೋಡಿದ್ದೀರಿ ಸರಿ, ವರದಿಯನ್ನು ಓದಿದ್ದೀರಾ?

ಮೊಬೈಲಿನ ಪಾವತಿ ಆ್ಯಪ್‌ಗಳು ಕ್ರೆಡಿಟ್ ಸ್ಕೋರನ್ನು, ಅಂದರೆ ಸಾಲ ತೀರಿಸುವ ನಮ್ಮ ಶಿಸ್ತಿಗೆ ಸಿಗುವ ಅಂಕವನ್ನು, ಉಚಿತವಾಗಿ ತೋರಿಸತೊಡಗಿದ ಮೇಲೆ, ಅದು 750 ದಾಟಿದೆಯೇ ಇಲ್ಲವೇ ಎಂಬುದು ಪಿಯುಸಿ ಫಲಿತಾಂಶದಷ್ಟೇ ಕುತೂಹಲದ ಸಂಗತಿಯಾಗಿದೆ. ಆದರೆ 300ರಿಂದ 900ರವರೆಗಿನ ಆ ಅಂಕಿ ಯಾವ ದಾಖಲೆಗಳಿಂದ ಹುಟ್ಟುತ್ತದೆಯೋ ಆ ವರದಿಯನ್ನು ಸಾಲುಸಾಲಾಗಿ ಓದಿದವರು ನನಗೆ ಸಿಕ್ಕಿರುವುದು ಅಪರೂಪ. ಸಾಲದ ವಿಷಯದಲ್ಲಿ ಎಚ್ಚರ ಶುರುವಾಗಬೇಕಾದದ್ದು ಅಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ.

ಸಾಲಗಳ ದಾಖಲೆ ಇಟ್ಟು ಈ ವರದಿ, ಸ್ಕೋರ್‌ಗಳನ್ನು ಕೊಡುವ ನಾಲ್ಕು ಸಂಸ್ಥೆಗಳಲ್ಲಿ ಸಿಬಿಲ್ ಒಂದು ಮಾತ್ರ; ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸಂಸ್ಥೆಗಳೂ ಕ್ರೆಡಿಟ್ ಮಾಹಿತಿ ಸಂಸ್ಥೆಗಳ 2005ರ ಕಾಯ್ದೆಯಡಿ ಇದೇ ಕೆಲಸ ಮಾಡುತ್ತಿವೆ. ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಿಂದಲೇ ಕಡ್ಡಾಯ ಮಾಡಿದೆ. ನಮ್ಮ ವರದಿಯನ್ನು ನಾವೇ ತರಿಸಿಕೊಂಡರೆ ಸ್ಕೋರ್ ಇಳಿಯುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ.

ವರದಿಯಲ್ಲಿ ನಾನು ಮೊದಲು ಹುಡುಕಿ ಎನ್ನುವುದು ಜಾಮೀನಿನ ಸಾಲವನ್ನು. ಭಾವಮೈದುನನ ಗಾಡಿಗೋ ಸಹೋದ್ಯೋಗಿಯ ಮನೆ ಸಾಲಕ್ಕೋ ಶ್ಯೂರಿಟಿ ಹಾಕಿ ಮರೆತುಬಿಡುವುದು ನಮ್ಮಲ್ಲಿ ಸೌಜನ್ಯದ ಭಾಗವೇ ಆಗಿದೆ. ‘ಬರೀ ಒಂದು ಸೈನ್ ಸಾರ್’ ಎಂದವರಿಗೆ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ಆದರೆ 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಆ ಸಾಲ ನಮ್ಮ ವರದಿಯಲ್ಲೂ ಕಾಣಿಸಿಕೊಳ್ಳುತ್ತದೆ, ಅವರು ಕಂತು ತಪ್ಪಿಸಿದರೆ ಅದರ ಪೆಟ್ಟು ನಮಗೂ ತಾಗುತ್ತದೆ. ಆದ್ದರಿಂದ ಸೈನ್ ಹಾಕುವ ಮುನ್ನ, ಈ ಕಂತನ್ನು ನಾನೇ ಕಟ್ಟಬೇಕಾಗಿ ಬಂದರೆ ಸಾಧ್ಯವೇ ಎಂದು ಲೆಕ್ಕ ಹಾಕುವುದು ಒರಟುತನವೆಂದು ನನಗೆ ಅನ್ನಿಸುವುದಿಲ್ಲ.

ಎರಡನೆಯದು ‘ಸೆಟಲ್ಡ್’ ಎಂಬ ನಮೂದು. ಬಾಕಿ ಬೆಳೆದು ಕೈಮೀರಿದಾಗ ವಸೂಲಿಯವರು ಅರ್ಧ ಕಟ್ಟಿ ಮುಗಿಸಿಬಿಡಿ ಎನ್ನುತ್ತಾರೆ, ಕೇಳುವವರಿಗೆ ಅದು ರಿಯಾಯಿತಿಯಂತೆ ಕೇಳಿಸುತ್ತದೆ. ಪೂರ್ತಿ ತೀರಿದ ಸಾಲಕ್ಕೆ ‘ಕ್ಲೋಸ್ಡ್’ ಎಂದೂ ಹೀಗೆ ಕಡಿಮೆಗೆ ಒಪ್ಪಿ ಮುಗಿಸಿದ್ದಕ್ಕೆ ‘ಸೆಟಲ್ಡ್’ ಎಂದೂ ದಾಖಲಾಗುತ್ತದೆ. ಮುಂದೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರ ಕಣ್ಣು ಮೊದಲು ಬೀಳುವುದು ಆ ಪದದ ಮೇಲೆ. ಬೇರೆ ದಾರಿಯೇ ಇಲ್ಲದವರು ಒಪ್ಪಿಕೊಳ್ಳಲಿ. ಆದರೆ ಅದರ ಬೆಲೆಯನ್ನು ತಿಳಿದು ಒಪ್ಪಿಕೊಳ್ಳಲಿ.

ಕ್ರೆಡಿಟ್ ಕಾರ್ಡಿನ ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕನಿಷ್ಠ ಕಟ್ಟಲೇಬೇಕಾದ ಮೊತ್ತ, ಇದಕ್ಕಿಂತ ಸೂಕ್ಷ್ಮ, ಏಕೆಂದರೆ ಅದನ್ನು ಕಟ್ಟುತ್ತಾ ಹೋಗುವಷ್ಟು ಕಾಲ ವರದಿಯಲ್ಲಿ ಸುಸ್ತಿ ಕಾಣಿಸುವುದೇ ಇಲ್ಲ. 40,000 ರೂಪಾಯಿಯ ಬಿಲ್ಲಿಗೆ 2,000 ಮಾತ್ರ ಕಟ್ಟಿದರೆ, ಉಳಿದ 38,000ಕ್ಕೆ ತಿಂಗಳಿಗೆ ಶೇ. 3.5ರಂತೆ 1,330 ಬಡ್ಡಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ಸುಮಾರು 1,570 ಆಗುತ್ತದೆ. ಮುಂದಿನ ತಿಂಗಳು ಮತ್ತೆ 2,000 ಕಟ್ಟಿದರೂ ಅಸಲಿಗೆ ಸೇರುವುದು ನಾನೂರು ಚಿಲ್ಲರೆ. ಮೇಲಾಗಿ, ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ.

ಇನ್ನು, ಎಂದೋ ತೀರಿಸಿದ ಸಾಲ ಬಾಕಿಯೆಂದೇ ಉಳಿದಿರುವ ಅಥವಾ ನಮ್ಮದಲ್ಲದ ಖಾತೆ ನಮ್ಮ ಪ್ಯಾನ್‌ಗೆ ಅಂಟಿಕೊಂಡಿರುವ ತಪ್ಪುಗಳೂ ಇರುತ್ತವೆ. ವರದಿ ಕೊಟ್ಟ ಸಂಸ್ಥೆಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು. 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮೊತ್ತ ಸಣ್ಣದೇ, ಆದರೆ ವಿಳಂಬಕ್ಕೊಂದು ಬೆಲೆ ನಿಗದಿಯಾಯಿತಲ್ಲ ಎಂಬುದು ನನಗೆ ಮುಖ್ಯವೆನಿಸುತ್ತದೆ. ದೂರಿನ ಜೊತೆ ಲಗತ್ತಿಸಲು ಸಾಲ ತೀರಿದಾಗ ಬ್ಯಾಂಕು ಕೊಟ್ಟ ಎನ್‌ಒಸಿ, ಅಂದರೆ ಬಾಕಿಯಿಲ್ಲವೆಂಬ ಪತ್ರ, ಬೇಕಾಗುತ್ತದೆ. ಅದನ್ನು ಇನ್ನೂ ಪಡೆಯದವರು ಈ ವಾರವೇ ಶಾಖೆಗೆ ಹೋಗಿ ಕೇಳುವುದು ಒಳ್ಳೆಯದು.