ಮದುವೆ ಊಟದಲ್ಲಿ ಮುಗಿಯದ ಮಾತು

ಮೊನ್ನೆ ಕೊಪ್ಪದ ಹತ್ತಿರ ಒಂದು ಮದುವೆ. ಊಟಕ್ಕೆ ಪಕ್ಕದಲ್ಲಿ ಕೂತ ಹಿರಿಯರು, "ಕೋವಿ ಹಿಡಿದವರಿಗೆ 7.5 ಲಕ್ಷ, ಅಡಿಕೆಗೆ ಕೊಳೆ ಬಂದು ಕೂತ ನಮಗೆ ಮೂರು ಕಾಸಿಲ್ಲ ನೋಡಿ" ಅಂದರು. ಶರಣಾದ ನಕ್ಸಲರಿಗೆ ಸರ್ಕಾರ ಕೊಡುವ ಪ್ಯಾಕೇಜ್ ದುಡ್ಡಿನ ಮಾತು ಅದು. ನಗು ಬಂತು. ಆದರೆ ಆ ಸಿಟ್ಟು ಸುಳ್ಳಲ್ಲ. ಎಲೆಗೆ ಪಾಯಸ ಬಿದ್ದಿತ್ತು, ಅಲ್ಲಿ ವಾದ ಬೇಡ ಅಂತ ಸುಮ್ಮನಾದೆ. ಇಲ್ಲಿ ಬರೆಯುತ್ತಿದ್ದೇನೆ.

2024ರ ನವೆಂಬರ್‌ನಲ್ಲಿ ಹೆಬ್ರಿ ಕಡೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರ್‌ನಲ್ಲಿ ಹತನಾದ. ಎರಡು ತಿಂಗಳೂ ತುಂಬಿರಲಿಲ್ಲ, 2025ರ ಜನವರಿ 8ಕ್ಕೆ ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಎದುರು ಬಂದು ನಿಂತರು. ಹೆದರಿ ಬಂದರು ಅನ್ನುವವರು ಜಾಸ್ತಿ. ಹೆದರಿಕೆ ಇರಲಿಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಹೆದರಿದವನು ಕಾಡಿನ ಇನ್ನೂ ಒಳಕ್ಕೆ ಓಡುತ್ತಾನೆ ಅಲ್ವಾ? ಹೊರಗೆ ಬರಬೇಕಾದರೆ, ದಾರಿಯಲ್ಲಿ ಗುಂಡು ಬೀಳುವುದಿಲ್ಲ ಅಂತ ಮಾತು ಕೊಡುವವರು ಬೇಕು, ಆ ಮಾತನ್ನು ಕಾಡಿನಲ್ಲಿರುವವರೂ ನಂಬಬೇಕು, ಪೊಲೀಸರೂ ನಂಬಬೇಕು. ಆ ಕೆಲಸ ಮಾಡಿದ್ದು ಶಾಂತಿಗಾಗಿ ನಾಗರಿಕ ವೇದಿಕೆಯವರು, ಸರ್ಕಾರದ ಶರಣಾಗತಿ ಸಮಿತಿಯವರು. ದುಡ್ಡಿನ ಪ್ಯಾಕೇಜ್ ಅದಕ್ಕೂ ಎಷ್ಟೋ ವರ್ಷ ಮೊದಲೇ ಇತ್ತು. ದುಡ್ಡೇ ಕರೆತರುವ ಹಾಗಿದ್ದರೆ ಇವರು ಅಷ್ಟು ವರ್ಷ ಯಾಕೆ ಕಾಯುತ್ತಿದ್ದರು?

ಹಿಂದೆಯೂ ಹೀಗೇ ಆಗಿತ್ತು. 2014ರ ಡಿಸೆಂಬರ್‌ನಲ್ಲಿ ನಕ್ಸಲ್ ನಾಯಕರಾಗಿದ್ದ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಹೊರಬಂದಾಗ ಮಧ್ಯೆ ನಿಂತವರು ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಪತ್ರಕರ್ತೆ ಗೌರಿ ಲಂಕೇಶ್. ಎರಡೂ ಕಡೆಯಿಂದ ಅನುಮಾನ ಹೊತ್ತುಕೊಂಡೇ ಮಾಡಬೇಕಾದ ಕೆಲಸ ಅದು. ಆರು ಜನ ಬಂದದ್ದನ್ನು ನೋಡಲು ಇಬ್ಬರೂ ಉಳಿದಿರಲಿಲ್ಲ.

ಇನ್ನು "ಬಹುಮಾನ" ಅನ್ನುವವರಿಗೆ ಒಂದು ಮಾತು. ಮುಖ್ಯಮಂತ್ರಿ ಎದುರಿನಿಂದ ಆ ಆರು ಜನ ಹೋಗಿದ್ದು ಮನೆಗಲ್ಲ, ಜೈಲಿಗೆ. ಶರಣಾದರು ಅಂತ ಕೇಸುಗಳು ಕರಗಲಿಲ್ಲ. ಬೇರೆ ರಾಜ್ಯದ ಕೇಸುಗಳೂ ಬೆನ್ನಿಗಿವೆ. ಸತ್ತ ಪೊಲೀಸರ ಮನೆಯವರಿಗೆ ನ್ಯಾಯ ಬೇಕು, ಅದು ಕೋರ್ಟಿನಲ್ಲೇ ಆಗಲಿ, ನನಗೆ ತಕರಾರಿಲ್ಲ. ಆದರೆ ಬೇಗ ಆಗಲಿ. ವಿಚಾರಣೆಯನ್ನೇ ಹತ್ತು ವರ್ಷ ಎಳೆದರೆ ನಾಳೆ ಇನ್ನೊಬ್ಬನನ್ನು ಕರೆಯಲು ಹೋಗುವ ಮಧ್ಯಸ್ಥನ ಮಾತನ್ನು ಯಾರು ಕೇಳುತ್ತಾರೆ?

2025ರ ಫೆಬ್ರುವರಿಯಲ್ಲಿ ಇನ್ನಿಬ್ಬರು ಬಂದ ಮೇಲೆ ಕರ್ನಾಟಕ ನಕ್ಸಲ್ ಮುಕ್ತ ಅಂತ ಘೋಷಣೆಯಾಯಿತು. ಒಳ್ಳೆಯದೇ. ಆದರೆ ಇಲ್ಲಿ ಕೋವಿ ಬಂದದ್ದೇ ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಜನರನ್ನು ಒಕ್ಕಲೆಬ್ಬಿಸುತ್ತಾರೆ ಅನ್ನುವ ಭಯದ ಬೆನ್ನಿಗೆ. ಕೈ ತೊಳೆಯುವಾಗ ಆ ಹಿರಿಯರನ್ನು ಕೇಳಿದೆ, ನಿಮ್ಮ ಜಮೀನಿಗೆ ಹಕ್ಕುಪತ್ರ ಬಂತಾ ಅಂತ. "ಅಪ್ಪ ಇದ್ದಾಗ ಅರ್ಜಿ ಕೊಟ್ಟಿದ್ದು ಮಾರಾಯ್ರೆ" ಅಂದರು.